ಗುಡಿಸಿನ ದೀರ್ಘ

ಬಗೆ ಗುಡಿಸು ಕೊಟ್ಟರೆ ಬಿ,
ಗುಡಿಸಿನ ದೀರ್ಘ ಕೊಟ್ಟರೆ ಬೀ.
ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ತಿದ್ದಿದ್ದನ್ನು
ಈಗ ಗುರುವಾರ ಗುರುವಾರ ಬಾಯಲ್ಲಿ ತಿದ್ದುತ್ತೇನೆ:
ಬೀಡಿ ಬಿಡಿ.

ಮಂಡ್ಯದ ಆಸ್ಪತ್ರೆ, ಹದಿನಾಲ್ಕನೇ ಕೊಠಡಿ.
ಬಾಗಿಲ ಬೋರ್ಡಿನಲ್ಲಿ ‘ಮನೋ’ ಅಳಿಸಿಹೋಗಿ
‘ರೋಗ’ವಷ್ಟೇ ಉಳಿದಿದೆ.
ಮೈಸೂರಿನಿಂದ ಬೆಳಗಿನ ಪ್ಯಾಸೆಂಜರಿನಲ್ಲಿ ಬರುವ ನಾನು
ಜಬೀನಾ, ಕೆಲಸ ಮಾತಾಡುವುದು.

ಎದುರಿಗೆ ಕೆಂಪಾಚಾರಿ, ಐವತ್ತೆರಡು.
ಇಪ್ಪತ್ತೇಳು ವರ್ಷದಿಂದ ಕಿವಿಯಲ್ಲಿ ಯಾರೋ ಇದ್ದಾರೆ,
ಒಂಬತ್ತು ವರ್ಷದಿಂದ ರಕ್ತದಲ್ಲಿ ಸಕ್ಕರೆ.
ಬಲಗಾಲಿನ ಕಿರುಬೆರಳನ್ನು ಹೋದ ಯುಗಾದಿಯ ಹೊತ್ತಿಗೆ ತೆಗೆದರು.
ದಿನಕ್ಕೆ ಎರಡು ಕಟ್ಟು.
“ಕಬ್ಬಿನ ಊರಲ್ಲಿ ಸಕ್ರೆ ಬರ್ದೆ ಉಪ್ ಬತ್ತದಾ?”
ಎಂದು ನಕ್ಕರು.

ಅವರನ್ನು ಎಲ್ಲರೂ ಬಿಟ್ಟಿದ್ದಾರೆ.
ತಮ್ಮ ಉಳಿ ಬಾಚಿಗಳನ್ನು ಅಟ್ಟಕ್ಕೆ ಹಾಕಿ ಬಿಟ್ಟ,
ನಾದಿನಿ ತಟ್ಟೆಯನ್ನು ಜಗುಲಿಗೆ ನೂಕಿ ಬಿಟ್ಟಳು.
ಬೀಡಿ ಬಿಡಿ ಅಂದವರು ಮಾತ್ರ ಯಾರೂ ಇಲ್ಲ.
“ತಲೆ ಸರಿಯಿಲ್ಲ, ಪಾಪ, ಅದೊಂದು ಸುಖ, ಬಿಟ್ಬಿಡಿ ಮೇಡಂ.”
ಸಕ್ಕರೆ ಡಾಕ್ಟರು ಅದನ್ನು ಮನಸ್ಸಿನ ಡಾಕ್ಟರಿಗೆ ಬಿಟ್ಟಿದ್ದರು,
ಮನಸ್ಸಿನವರು ಸಕ್ಕರೆಯವರಿಗೆ.
ಹಿಂದೆ ಯಾವುದೋ ವಾರ್ಡಿನಲ್ಲಂತೂ
ಮಾತ್ರೆ ನುಂಗಿದರೆ ಒಂದು ಬೀಡಿ ಕೊಡುತ್ತಿದ್ದರಂತೆ,
ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದ ಮೇಲೆ.

ನನಗೂ ಬಾಯಿ ಬರಲು ಮೂರು ಗುರುವಾರ ಹಿಡಿಯಿತು.
ನಮ್ಮಮ್ಮಿ ಬೀಡಿ ಕಟ್ಟಿ ನನ್ನನ್ನು ಓದಿಸಿದವಳು.
ಮೊರದ ತುಂಬ ಎಲೆ, ಕತ್ತರಿ, ಕೆಂಪು ದಾರ,
ಸಾವಿರಕ್ಕೆ ಇಷ್ಟು ಎಂದು ಲೆಕ್ಕ,
ಅವಳ ಉಗುರಿನ ಕಂದು ನನ್ನ ಕಾಪಿಪುಸ್ತಕದ ಅಂಚಿನಲ್ಲಿ.
ಅವಳು ಸುತ್ತಿದ್ದೊಂದು ಯಾವ ಕಟ್ಟಿನಲ್ಲೋ ಕೂತು
ಇವರ ತುಟಿಗೆ ಬಂದಿರಲಿಕ್ಕಿಲ್ಲ
ಅಂತ ಹೇಗೆ ಹೇಳಲಿ?

ಇದನ್ನೇ ಹೇಳಿದೆ.
ಬಹಳ ಹೊತ್ತು ಸುಮ್ಮನಿದ್ದು ಅಂದರು:
“ನಿಮ್ಮವ್ವನ ಗಂಟು ಬಿಗಿ ಕಣವ್ವ,
ಬಿಚ್ಚಕ್ಕೆ ವಸಿ ದಿನ ಬೇಕು.”

ಹಾಗೆ ಶುರುವಾಯಿತು.
ಊಟದ ಮೇಲಿನದು ಈಗಲೇ ಬೇಡ, ಅದು ಕಷ್ಟ.
ಕಕ್ಕಸಿಗೆ ಹೋಗುವಾಗಿನದು ಮೊದಲು.
ನಿಕೋಟಿನ್ ಗಮ್ಮನ್ನು ಕೆನ್ನೆಯ ಮೂಲೆಗೆ ಒತ್ತುವುದು ಹೇಗೆ
ಎಂದು ನಾನೇ ಜಗಿದು ತೋರಿಸಲು ಹೋಗಿ
ತಲೆ ಗಿರ್ರೆಂದು ಕುರ್ಚಿ ಹಿಡಿದುಕೊಂಡೆ;
ಅವರು ನೀರು ಕೊಟ್ಟರು.
ಹೊಗೆ ಕಮ್ಮಿಯಾದರೆ ಮಾತ್ರೆ ಮೈಯಲ್ಲಿ ಹೆಚ್ಚು ನಿಲ್ಲುತ್ತದೆ,
ಹೊಸ ಡಾಕ್ಟರು ರಕ್ತ ನೋಡಿ ಮಾತ್ರೆ ಇಳಿಸಿದರು.
ಸಕ್ಕರೆಯ ಕೊಠಡಿಗೆ ಚೀಟಿ ಹಿಡಿದು ನಾನೇ ನಡೆದೆ.
ಇಷ್ಟು ವರ್ಷ ನಡುವೆ ಇದ್ದದ್ದು
ಒಂದು ವರಾಂಡ, ನಲವತ್ತು ಹೆಜ್ಜೆ.

ಐದನೇ ವಾರ ಬರಲಿಲ್ಲ.
ಆರನೇ ವಾರ ಬಂದರು, ಅಂಗಿಯೆಲ್ಲ ಹೊಗೆ.
“ಅವ್ನು ಕೇಳ್ದ, ಕೊಟ್ಟೆ” ಎಂದು ಕಿವಿ ಮುಟ್ಟಿ ತೋರಿಸಿದರು.
ಎಷ್ಟು ಕೊಟ್ಟಿರಿ ಎಂದೆ.
“ಅವಂಗೆ ನಾಕು. ನಂಗೊಂದು.”
ಚಾರ್ಟಿನಲ್ಲಿ ಐದು ಎಂದು ಬರೆದೆ.
ಅದೇ ಸಾಲಿನ ಮೊದಲ ಮನೆಯಲ್ಲಿ ಐವತ್ತು ಇತ್ತು.

ಕಳೆದ ಗುರುವಾರ ಒಳಗೆ ಬಂದವರೇ ಮೂಗು ಸಿಂಡರಿಸಿದರು.
“ಈ ಆಸ್ಪತ್ರೆ ಇಷ್ಟು ನಾರ್ತದೆ ಅಂತ
ಇಪ್ಪತ್ತೇಳು ವರ್ಷದಿಂದ ಒಬ್ರೂ ಯೋಳ್ನಿಲ್ವಲ್ಲ!”
ಆಮೇಲೆ ನನ್ನ ಮೇಜಿನಂಚನ್ನು ಉಗುರಲ್ಲಿ ಕೆರೆದು, ಮೂಸಿ,
“ಮಾವು” ಎಂದರು. “ತೇಗ ಅಂತ ದುಡ್ಡು ಈಸ್ಕಂಡವ್ರೆ.”

ಜೇಬಿನಲ್ಲಿ ಒಂದು ಇಣುಕುತ್ತಿತ್ತು.
ನಾನು ಕಂಡೆ. ಕಂಡದ್ದನ್ನು ಅವರೂ ಕಂಡರು.
ಮುಂದಿನ ವಾರಕ್ಕೆ ಚೀಟಿ ಬರೆದೆ:
ಮೆತ್ತನೆಯ ಚಪ್ಪಲಿ, ಕಾಲಿನ ಪರೀಕ್ಷೆ,
ಖಾಲಿ ಹೊಟ್ಟೆಯಲ್ಲಿ ರಕ್ತ,
ಬೀಡಿ ಎಷ್ಟು ಎಂಬಲ್ಲಿ ಗಾಡಿಯ ಅವಸರಕ್ಕೆ
ದೀರ್ಘ ಹಾಕುವುದನ್ನು ಮರೆತಿದ್ದೆ.
ತಿದ್ದಲು ಪೆನ್ನು ಎತ್ತಿದವಳು
ಹಾಗೇ ಬಿಟ್ಟೆ.